ವಾದದಂಗಳಕ್ಕೆ ಬಂದ ವಿಜ್ಞಾನ

ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಸಂಜೆಯಾದರೆ ಚಪ್ಪಾಳೆಯ ಸದ್ದು ಏಳುತ್ತದೆ. ದ್ರೆಪುಂಗ್ ಮತ್ತು ಗಾಂದೆನ್ ಮಠಗಳ ಅಂಗಳದಲ್ಲಿ ಕಡುಗೆಂಪು ವಸ್ತ್ರ ಹೊದ್ದ ಭಿಕ್ಷುಗಳು ಜೋಡಿ ಜೋಡಿಯಾಗಿ ವಾದಕ್ಕೆ ಇಳಿದಿರುತ್ತಾರೆ. ಒಬ್ಬರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರೆ ಇನ್ನೊಬ್ಬರು ಎದುರು ನಿಂತು ಪ್ರಶ್ನೆ ಹಾಕುತ್ತಾರೆ. ಪ್ರಶ್ನೆ ಮುಗಿಯುತ್ತಿದ್ದಂತೆ ಬಲಗೈ ಮೇಲೆತ್ತಿ, ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ, ಅಂಗೈಗೆ ಅಂಗೈ ತಟ್ಟುತ್ತಾರೆ. ಕುಳಿತವರಿಗೆ ಭಾಷಣ ಮಾಡುವ ಅವಕಾಶವಿಲ್ಲ. ‘ಒಪ್ಪಿದೆ’, ‘ಯಾಕೆ?’, ‘ಹೇತು ಸಿದ್ಧವಾಗಿಲ್ಲ’, ‘ವ್ಯಾಪ್ತಿ ಇಲ್ಲ’ ಎಂಬಂಥ ಕೆಲವೇ ಉತ್ತರಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಈಗ ಒಪ್ಪಿದ ಮಾತು ಹತ್ತು ಪ್ರಶ್ನೆ ಕಳೆದ ಮೇಲೆ ತಮ್ಮದೇ ಇನ್ನೊಂದು ಮಾತಿಗೆ ವಿರುದ್ಧವಾಗಿ ನಿಂತರೆ ಅಲ್ಲಿಗೆ ಸೋಲು.

ಈ ಪದ್ಧತಿಯ ಬೇರು ನಮ್ಮದೇ ನೆಲದ್ದು. ನಾಲಂದಾದಂಥ ವಿದ್ಯಾಕೇಂದ್ರಗಳಲ್ಲಿ ಬೆಳೆದ, ದಿಙ್ನಾಗ ಮತ್ತು ಧರ್ಮಕೀರ್ತಿಯರು ಕಟ್ಟಿದ, ನೈಯಾಯಿಕರೊಂದಿಗೆ ಶತಮಾನಗಟ್ಟಲೆ ಸೆಣಸಿ ಹರಿತಗೊಂಡ ಪ್ರಮಾಣಶಾಸ್ತ್ರ ಹಿಮಾಲಯ ದಾಟಿ ಹೋಗಿ, ಮರಳಿ ಉತ್ತರ ಕನ್ನಡಕ್ಕೆ ಬಂದಿದೆ. ಅದನ್ನು ಕರಗತ ಮಾಡಿಕೊಂಡು ಉನ್ನತ ಗೆಶೆ ಪದವಿ ಪಡೆಯಲು ಸುಮಾರು ಇಪ್ಪತ್ತು ವರ್ಷ ಬೇಕು. ಆರು ಶತಮಾನಗಳಿಂದ ಹೆಚ್ಚುಕಡಿಮೆ ಹಾಗೆಯೇ ಉಳಿದಿದ್ದ ಆ ಪಠ್ಯಕ್ರಮಕ್ಕೆ ಈಗ ಭೌತವಿಜ್ಞಾನ, ಜೀವವಿಜ್ಞಾನ ಮತ್ತು ನರವಿಜ್ಞಾನ ಸೇರಿವೆ.

ವಿಜ್ಞಾನ ಮತ್ತು ಧರ್ಮದ ನಡುವೆ ಮಾತುಕತೆ ಸಾಧ್ಯವೇ ಎಂಬ ಪ್ರಶ್ನೆಗೆ ಪುಸ್ತಕಗಳಲ್ಲಿ ಉತ್ತರ ಹುಡುಕುವವರು ಹಲವರು. ಕರ್ನಾಟಕದ ಎರಡು ತಾಲ್ಲೂಕುಗಳಲ್ಲಿ ಆ ಮಾತುಕತೆ ನಡೆದೇ ಇದೆ. ಅದು ಎಲ್ಲಿ ಫಲಿಸಿತು, ಎಲ್ಲಿ ನಿಂತಿತು ಎಂಬುದನ್ನು ನೋಡುವುದು ನಮಗೆ ಹೆಚ್ಚು ಉಪಯುಕ್ತ.

ಚಂದ್ರನ ಮೇಲೆ ಬಿದ್ದ ನೆರಳು

1959ರಲ್ಲಿ ಟಿಬೆಟ್ ತೊರೆದು ಬಂದವರಿಗೆ ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ಕೊಟ್ಟಿತು. 1966ರಲ್ಲಿ ಮುಂಡಗೋಡದ ನೆಲೆ ಶುರುವಾಯಿತು. ಲಾಸಾ ಸುತ್ತಲಿನ ಮೂರು ಮಹಾಮಠಗಳ ಪೈಕಿ 1419ರಲ್ಲಿ ಸ್ಥಾಪನೆಯಾಗಿದ್ದ ಸೆರಾ ಬೈಲಕುಪ್ಪೆಯಲ್ಲೂ, 1409ರ ಗಾಂದೆನ್ ಮತ್ತು 1416ರ ದ್ರೆಪುಂಗ್ ಮುಂಡಗೋಡದಲ್ಲೂ ಮತ್ತೆ ತಲೆಯೆತ್ತಿದವು. ಬೈಲಕುಪ್ಪೆಗೆ ಹೋದವರು ಸ್ವರ್ಣಮಂದಿರದ ಬುದ್ಧನನ್ನು ನೋಡಿ, ಮೊಮೊ ತಿಂದು ಮರಳುತ್ತಾರೆ. ಅಲ್ಲೇ ಸಮೀಪದ ಸೆರಾದಲ್ಲಿ ಭಿಕ್ಷುಗಳು ನರಕೋಶದ ಚಿತ್ರ ಬಿಡಿಸಿ ಕಲಿತಿದ್ದಾರೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಈ ಕಲಿಕೆಯ ಹಿಂದೆ ಒಂದು ದೂರದರ್ಶಕವಿದೆ. ಲಾಸಾದ ಪೊಟಾಲ ಅರಮನೆಯಲ್ಲಿ 13ನೆಯ ದಲೈ ಲಾಮಾ ಅವರ ಕಾಲದ ದೂರದರ್ಶಕ ಉಳಿದಿತ್ತು. ತರುಣರಾಗಿದ್ದ 14ನೆಯ ದಲೈ ಲಾಮಾ ಅದನ್ನು ಚಂದ್ರನತ್ತ ತಿರುಗಿಸಿದಾಗ ಅಲ್ಲಿನ ಬೆಟ್ಟಗಳ ನೆರಳು ಕಾಣಿಸಿತು. ನೆರಳು ಬೀಳಬೇಕಾದರೆ ಬೆಳಕು ಹೊರಗಿನಿಂದ ಬರಬೇಕು. ಅವರು ಓದಿದ್ದ ಬೌದ್ಧರ ಅಭಿಧರ್ಮ ಗ್ರಂಥಗಳಾದರೋ ಚಂದ್ರ ತನ್ನದೇ ಬೆಳಕಿನಿಂದ ಹೊಳೆಯುತ್ತಾನೆ ಎಂದಿದ್ದವು. ಅವರು ಗುರುಗಳನ್ನು ಕರೆದು ತೋರಿಸಿದರು. 2005ರಲ್ಲಿ ಪ್ರಕಟವಾದ ತಮ್ಮ ವಿಜ್ಞಾನದ ಪುಸ್ತಕದಲ್ಲಿ ಈ ಪ್ರಸಂಗವನ್ನು ಬರೆದಿರುವ ದಲೈ ಲಾಮಾ, ಬೌದ್ಧಧರ್ಮದ ಹೇಳಿಕೆಯೊಂದು ತಪ್ಪೆಂದು ವಿಜ್ಞಾನ ನಿರ್ಣಾಯಕವಾಗಿ ತೋರಿಸಿದರೆ ಅದನ್ನು ಬಿಡಲೇಬೇಕು ಎಂಬ ನಿಲುವು ತಳೆದಿದ್ದಾರೆ. ಮೇರುಪರ್ವತವನ್ನು ನಡುವಿಟ್ಟು ಹೆಣೆದ ಪ್ರಾಚೀನ ವಿಶ್ವವರ್ಣನೆಯನ್ನು ಅವರು ಕೈಬಿಟ್ಟದ್ದು ಹೀಗೆ.

ಇಲ್ಲಿ ನಮಗೊಂದು ಪಾಠವಿದೆ. ಚಂದ್ರನಿಗೆ ಸೂರ್ಯನಿಂದಲೇ ಬೆಳಕು, ಗ್ರಹಣವೆಂದರೆ ನೆರಳಿನಾಟ ಎಂದು ಆರ್ಯಭಟ 499ರಲ್ಲೇ ಬರೆದಿದ್ದ. ಅಭಿಧರ್ಮದ ವಿಶ್ವವರ್ಣನೆಯೂ ಆರ್ಯಭಟನ ಗಣಿತವೂ ಇದೇ ದೇಶದ ವಿದ್ವತ್ತಿನ ಫಲ. ಒಂದೇ ಪರಂಪರೆಯ ಮಡಿಲಲ್ಲಿ ಪರೀಕ್ಷೆಗೆ ನಿಲ್ಲುವ ಮಾತೂ ಇರುತ್ತದೆ, ನಿಲ್ಲದ ಮಾತೂ ಇರುತ್ತದೆ. ಇಡೀ ಪರಂಪರೆಯನ್ನು ತಲೆಯ ಮೇಲೆ ಹೊರುವುದೂ ಬೇಡ, ಇಡಿಯಾಗಿ ತಿಪ್ಪೆಗೆ ಎಸೆಯುವುದೂ ಬೇಡ. ಒಂದೊಂದು ಮಾತನ್ನೂ ಬಿಡಿಸಿ ನೋಡಬೇಕು.

ದಲೈ ಲಾಮಾ ಇನ್ನೊಂದು ಗೆರೆಯನ್ನೂ ಎಳೆಯುತ್ತಾರೆ. ಹುಡುಕಿದಾಗ ಸಿಗಲಿಲ್ಲ ಎನ್ನುವುದು ಒಂದು, ಇಲ್ಲವೇ ಇಲ್ಲ ಎಂದು ಸಿದ್ಧವಾಗುವುದು ಇನ್ನೊಂದು. ತರ್ಕದ ದೃಷ್ಟಿಯಿಂದ ಈ ಭೇದ ಸರಿ. ಇದೆ ಎಂದು ಸಾಧಿಸುವ ಹೊಣೆ ಹೇಳಿದವರ ಮೇಲೆ ಎಂದು ವಿಜ್ಞಾನಿ ಉತ್ತರಿಸಿದರೆ ಅದೂ ಸರಿ. ಈ ಎರಡು ಮಾತುಗಳ ನಡುವಿನ ಜಾಗದಲ್ಲೇ ಮುಂದಿನ ಸಂವಾದವೆಲ್ಲ ನಡೆದಿದೆ.

ಬ್ಯಾಕ್ಟೀರಿಯಾಕ್ಕೆ ಬಯಕೆ ಇದೆಯೇ?

ಚಿಲಿ ದೇಶದ ನರಜೀವವಿಜ್ಞಾನಿ ಫ್ರಾನ್ಸಿಸ್ಕೊ ವರೇಲ ಮತ್ತು ಅಮೆರಿಕದ ಆಡಮ್ ಎಂಗಲ್ ಅವರ ಮುತುವರ್ಜಿಯಿಂದ 1987ರಲ್ಲಿ ಧರ್ಮಶಾಲಾದಲ್ಲಿ ಬೆರಳೆಣಿಕೆಯ ವಿಜ್ಞಾನಿಗಳು ದಲೈ ಲಾಮಾ ಜೊತೆ ಕುಳಿತು ಮಾತನಾಡಿದರು. ‘ಮೈಂಡ್ ಅಂಡ್ ಲೈಫ್’ ಹೆಸರಿನ ಆ ಸಂವಾದ ಸರಣಿ 2013ರ ಜನವರಿಯಲ್ಲಿ ಮುಂಡಗೋಡದ ದ್ರೆಪುಂಗ್‌ಗೆ ಬಂದಾಗ ಸಾವಿರಾರು ಭಿಕ್ಷುಗಳು ಕುಳಿತು ಕೇಳಿದರು. ಅದಕ್ಕೂ ಮೊದಲೇ, 2006ರಲ್ಲಿ, ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯ ಭಿಕ್ಷುಗಳಿಗಾಗಿ ವಿಜ್ಞಾನ ಪಠ್ಯಕ್ರಮ ರೂಪಿಸುವ ಕೆಲಸ ಕೈಗೆತ್ತಿಕೊಂಡಿತ್ತು. 2014ರಿಂದ ಅಲ್ಲಿನ ಅಧ್ಯಾಪಕರು ಬೇಸಿಗೆಯಲ್ಲಿ ಬೈಲಕುಪ್ಪೆ, ಮುಂಡಗೋಡಗಳಿಗೆ ಬಂದು ಆರು ವರ್ಷಗಳ ಪಠ್ಯವನ್ನು ಕಲಿಸಿದರು. ಪಠ್ಯಪುಸ್ತಕಗಳು ಇಂಗ್ಲಿಷಿನ ಜೊತೆಗೆ ಟಿಬೆಟನ್ನಿನಲ್ಲೂ ಅಚ್ಚಾದವು. ಭಿಕ್ಷುಗಳ ಕಲಿಕೆಯ ಭಾಷೆಯಲ್ಲೇ ಪಾಠ ನಡೆಯಬೇಕೆಂದು ಅನುವಾದಕರ ತಂಡವೇ ತಯಾರಾಯಿತು.

ಆ ತರಗತಿಗಳಲ್ಲಿ ಮತ್ತೆ ಮತ್ತೆ ಎದ್ದ ಪ್ರಶ್ನೆಯೊಂದನ್ನು ಹತ್ತಿರದಿಂದ ನೋಡೋಣ. ಸೂಕ್ಷ್ಮದರ್ಶಕದಡಿ ಬ್ಯಾಕ್ಟೀರಿಯಾ ಓಡಾಡುವುದನ್ನು ಕಂಡ ಭಿಕ್ಷುಗಳು, ಇವು ಚಿತ್ತವುಳ್ಳ ಜೀವಿಗಳೇ ಎಂದು ಕೇಳಿದರು. ಅವರ ಮಟ್ಟಿಗೆ ಇದು ಬರೀ ಕುತೂಹಲವಲ್ಲ. ಸುಖ ಬಯಸುವ, ದುಃಖದಿಂದ ದೂರ ಸರಿಯುವ ಯಾವ ಜೀವವನ್ನೂ ಕೊಲ್ಲಬಾರದೆಂಬುದು ಅವರ ವ್ರತ. ಗಿಡಮರಗಳನ್ನು ಬೌದ್ಧರು ಸಾಮಾನ್ಯವಾಗಿ ಈ ಸಾಲಿಗೆ ಸೇರಿಸುವುದಿಲ್ಲ. ಬ್ಯಾಕ್ಟೀರಿಯಾ ಸೇರುವುದಾದರೆ ಆಂಟಿಬಯಾಟಿಕ್ ಮಾತ್ರೆ ನುಂಗುವುದು ಹತ್ಯೆಯಾಗುತ್ತದೆ.

ಜೀವವಿಜ್ಞಾನ ಏನು ಹೇಳುತ್ತದೆ? ನಮ್ಮ ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾದ ಉದ್ದ ಸುಮಾರು 2 ಮೈಕ್ರೊಮೀಟರ್. ಒಂದರ ಹಿಂದೆ ಒಂದರಂತೆ ಐನೂರು ನಿಲ್ಲಿಸಿದರೆ ಒಂದು ಮಿಲಿಮೀಟರ್ ಆದೀತು. ಅದರ ಮೈಯಿಂದ ಹೊರಟ ಎಳೆಗಳು ಮೋಟಾರಿನಂತೆ ಸುತ್ತುತ್ತವೆ. ಎಲ್ಲವೂ ಅಪ್ರದಕ್ಷಿಣವಾಗಿ ಸುತ್ತಿದಾಗ ಎಳೆಗಳು ಒಂದೇ ಜಡೆಯಾಗಿ ಬ್ಯಾಕ್ಟೀರಿಯಾ ನೇರ ಮುಂದೆ ಸಾಗುತ್ತದೆ. ಕೆಲವು ಎಳೆಗಳು ದಿಕ್ಕು ಬದಲಿಸಿದರೆ ಜಡೆ ಬಿಚ್ಚಿ, ಅದು ನಿಂತಲ್ಲೇ ಉರುಳಾಡಿ ಬೇರೆ ದಿಕ್ಕಿಗೆ ಹೊರಳುತ್ತದೆ. ಮೈಮೇಲಿನ ಗ್ರಾಹಕ ಅಣುಗಳು ಸುತ್ತಲಿನ ಆಹಾರಾಂಶದ ಸಾಂದ್ರತೆಯನ್ನು ಅಳೆಯುತ್ತವೆ. ಕೆಲವು ಸೆಕೆಂಡುಗಳ ಹಿಂದೆ ಎಷ್ಟಿತ್ತು ಎಂಬ ಗುರುತು ಮೀಥೈಲ್ ಗುಂಪುಗಳ ರೂಪದಲ್ಲಿ ಆ ಅಣುಗಳ ಮೇಲೇ ಉಳಿದಿರುತ್ತದೆ. ಈಗಿನದು ಹಿಂದಿನದಕ್ಕಿಂತ ಹೆಚ್ಚಾದರೆ ಉರುಳಾಟ ಕಡಿಮೆಯಾಗಿ ನೇರ ಓಟ ಉದ್ದವಾಗುತ್ತದೆ. ಹೀಗೆ ತಡವರಿಸುತ್ತಲೇ ಅದು ಆಹಾರವಿದ್ದೆಡೆಗೆ ತಲುಪುತ್ತದೆ.

ಇಷ್ಟನ್ನು ವಿವರಿಸಲು ಬಯಕೆ ಎಂಬ ಪದವೇ ಬೇಕಾಗಿಲ್ಲ, ರಾಸಾಯನಿಕ ಕ್ರಿಯೆಗಳೇ ಸಾಕು ಎಂದು ಅಧ್ಯಾಪಕರು ಹೇಳಬಹುದು. ವಾದದಂಗಳದಲ್ಲಿ ಪಳಗಿದವರು ಆ ಉತ್ತರವನ್ನು ಹಾಗೆಯೇ ಬಿಡುವುದಿಲ್ಲ. ನರಕೋಶದಲ್ಲಿ ನಡೆಯುವುದೂ ರಾಸಾಯನಿಕ ಕ್ರಿಯೆಯೇ ಅಲ್ಲವೇ? ಹಾಗಾದರೆ ಎಷ್ಟು ಕೋಶಗಳು ಸೇರಿದ ಮೇಲೆ, ಯಾವ ಜೋಡಣೆಯಲ್ಲಿ ಬಯಕೆ ಶುರುವಾಗುತ್ತದೆ? ಈ ಪ್ರಶ್ನೆಗೆ ವಿಜ್ಞಾನದಲ್ಲಿ ಸರ್ವಸಮ್ಮತ ಉತ್ತರ ಇಂದಿಗೂ ಇಲ್ಲ. ಪ್ರಜ್ಞೆಯ ಕುರಿತ ಇಂದಿನ ಸಂಶೋಧನೆಯ ನಟ್ಟನಡುವೆ ಇರುವ ಪ್ರಶ್ನೆ ಅದೇ. ಏಕೇಂದ್ರಿಯ ಜೀವಿಗಳ ಕಲ್ಪನೆ ಇರುವ ಜೈನರು ಇದಕ್ಕೆ ಬೌದ್ಧರಿಗಿಂತ ಬೇರೆಯೇ ಉತ್ತರ ಕೊಡುತ್ತಾರೆ ಎಂಬುದು ಕನ್ನಡ ಓದುಗರಿಗೆ ತಿಳಿದಿರುವ ಸಂಗತಿ.

ಎಮರಿಯ ಜೀವವಿಜ್ಞಾನಿ ಆರಿ ಐಸೆನ್, ಟಿಬೆಟನ್ ಭಿಕ್ಷು ಯುಂಗ್‌ದ್ರುಂಗ್ ಕೊಂಚೋಕ್ ಅವರೊಂದಿಗೆ ಸೇರಿ 2017ರಲ್ಲಿ ಈ ಬಗೆಯ ಪ್ರಶ್ನೆಗಳ ಸುತ್ತಲೇ ಒಂದು ಪುಸ್ತಕ ಬರೆದರು. ಕಲಿಸಲು ಬಂದವರು ತಾವು ಕಲಿತದ್ದನ್ನು ಬರೆದಿಡುವಂತಾದರೆ ಅದನ್ನು ಸಂವಾದ ಎನ್ನಬಹುದು. ಒಬ್ಬರೇ ಮಾತಾಡಿ ಇನ್ನೊಬ್ಬರು ತಲೆಯಾಡಿಸುವುದು ಪ್ರವಚನ ಮಾತ್ರ, ವೇದಿಕೆಯ ಮೇಲಿರುವವರು ಸ್ವಾಮೀಜಿಯಾಗಲಿ, ವಿಜ್ಞಾನಿಯಾಗಲಿ.

ಧ್ಯಾನದ ಅಳತೆ

ಮಾತುಕತೆಯ ಮೊದಲ ದಾರಿ ತರಗತಿಯದಾದರೆ, ಎರಡನೆಯ ದಾರಿ ಪ್ರಯೋಗಾಲಯದ್ದು. 1992ರಲ್ಲಿ ನರವಿಜ್ಞಾನಿ ರಿಚರ್ಡ್ ಡೇವಿಡ್‌ಸನ್, ವರೇಲ ಮತ್ತು ಸಂಗಡಿಗರು ಉಪಕರಣ ಹೊತ್ತು ಧರ್ಮಶಾಲಾದ ಬೆಟ್ಟ ಹತ್ತಿ, ಏಕಾಂತದಲ್ಲಿದ್ದ ಸಾಧಕರನ್ನು ಕಂಡಿದ್ದರು. ತಲೆಗೆ ತಂತಿ ಅಂಟಿಸಿಕೊಳ್ಳಲು ಆ ಸಾಧಕರು ಒಪ್ಪಲಿಲ್ಲ. ಒಂದು ದಶಕದ ಪರಿಚಯ ಬೆಳೆದ ಮೇಲೆ ಪರಿಸ್ಥಿತಿ ಬದಲಾಯಿತು. 10,000ದಿಂದ 50,000 ಗಂಟೆಗಳ ಧ್ಯಾನಾಭ್ಯಾಸವಿದ್ದ ಎಂಟು ಮಂದಿಯ ಮಿದುಳಿನಲ್ಲಿ, ಹೊಸಬರಿಗೆ ಹೋಲಿಸಿದರೆ, ಗಾಮಾ ತರಂಗಗಳ ಚಟುವಟಿಕೆ ಬಹಳ ಹೆಚ್ಚಿತ್ತೆಂದು 2004ರಲ್ಲಿ ಪ್ರಕಟವಾಯಿತು. ಆ ಪ್ರಬಂಧದ ಲೇಖಕರಲ್ಲಿ ಒಬ್ಬರಾದ ಮಾತ್ಯೂ ರಿಕಾರ್, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ತಳಿವಿಜ್ಞಾನದ ಡಾಕ್ಟರೇಟ್ ಮುಗಿಸಿ ಭಿಕ್ಷುವಾದವರು.

ಎಲ್ಲ ವಿಜ್ಞಾನಿಗಳಿಗೂ ಇದು ರುಚಿಸಲಿಲ್ಲ. 2005ರಲ್ಲಿ ನರವಿಜ್ಞಾನ ಸೊಸೈಟಿಯ ವಾಷಿಂಗ್ಟನ್ ಸಮಾವೇಶಕ್ಕೆ ದಲೈ ಲಾಮಾ ಅವರನ್ನು ಆಹ್ವಾನಿಸಿದಾಗ ನೂರಾರು ಮಂದಿ ವಿರೋಧಿಸಿ ಮನವಿಗೆ ಸಹಿ ಹಾಕಿದರು. ಸಂಶೋಧಕರು ತಾವೇ ಭಕ್ತರಾಗಿಬಿಟ್ಟರೆ ಫಲಿತಾಂಶವನ್ನು ನಂಬುವುದು ಹೇಗೆ ಎಂಬ ಆ ಆತಂಕ ನ್ಯಾಯವಾದದ್ದೇ. ಅದಕ್ಕೆ ಸಿಕ್ಕ ಉತ್ತರ ಇನ್ನಷ್ಟು ಕಟ್ಟುನಿಟ್ಟಾದ ಪರೀಕ್ಷೆ. 47 ಪ್ರಯೋಗಗಳನ್ನೂ 3,500ಕ್ಕೂ ಹೆಚ್ಚು ಜನರನ್ನೂ ಒಳಗೊಂಡ 2014ರ ಸಮೀಕ್ಷೆಯೊಂದು, ಧ್ಯಾನದಿಂದ ಆತಂಕ, ಖಿನ್ನತೆ, ನೋವು ಸ್ವಲ್ಪಮಟ್ಟಿಗೆ ತಗ್ಗುತ್ತವೆ, ಆದರೆ ವ್ಯಾಯಾಮ ಅಥವಾ ಔಷಧಿಗಿಂತ ಅದು ಮೇಲೆನ್ನಲು ಪುರಾವೆ ಇಲ್ಲ ಎಂದಿತು. ಎಂಟು ವಾರ ಧ್ಯಾನ ಮಾಡಿದರೆ ಮಿದುಳಿನ ರಚನೆಯೇ ಬದಲಾಗುತ್ತದೆಂಬ ಜನಪ್ರಿಯ ಹೇಳಿಕೆಯನ್ನು 2022ರಲ್ಲಿ 218 ಜನರ ಅಧ್ಯಯನವೊಂದು ಅಲ್ಲಗಳೆಯಿತು. ಆ ಅಧ್ಯಯನ ಬಂದದ್ದು ಡೇವಿಡ್‌ಸನ್ ಅವರ ವಿಸ್ಕಾನ್ಸಿನ್ ಕೇಂದ್ರದಿಂದಲೇ.

ಇನ್ನೂ ಕಠಿಣವಾದ ಪರೀಕ್ಷೆ ಸಾವಿನದು. ಕೆಲವು ಸಾಧಕರು ಉಸಿರು ನಿಂತ ಮೇಲೂ ಹಲವು ದಿನ ಸೂಕ್ಷ್ಮ ಧ್ಯಾನದಲ್ಲಿರುತ್ತಾರೆ, ಆಗ ದೇಹ ಬೇಗ ಕೊಳೆಯುವುದಿಲ್ಲ ಎಂದು ಟಿಬೆಟನ್ನರು ನಂಬುತ್ತಾರೆ. ಈ ಸ್ಥಿತಿಗೆ ತುಕ್‌ದಮ್ ಎಂದು ಹೆಸರು. ಗುರುವಿನ ಪಾರ್ಥಿವ ಶರೀರದ ಬಳಿಗೆ ವಿಜ್ಞಾನಿಗಳನ್ನು ಬಿಟ್ಟುಕೊಳ್ಳುವುದು ಶಿಷ್ಯರಿಗೆ ಸುಲಭದ ಮಾತಲ್ಲ. ಆದರೂ ಅವರು ಒಪ್ಪಿದರು. ಭಾರತದಲ್ಲಿ ಇಂಥ 13 ಮಂದಿಯ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಅಳೆದು 2021ರಲ್ಲಿ ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿತ್ತು: ಯಾರಲ್ಲೂ ಗುರುತಿಸಬಹುದಾದ ಚಟುವಟಿಕೆ ಕಾಣಲಿಲ್ಲ. ಉಪಕರಣ ಜೋಡಿಸುವಷ್ಟರಲ್ಲಿ ಒಂದು ದಿನಕ್ಕಿಂತ ಹೆಚ್ಚು ಕಳೆದಿತ್ತು ಎಂಬ ಮಿತಿ ಈ ಅಧ್ಯಯನಕ್ಕಿದೆ. ಮಠಗಳು ಈ ಫಲಿತಾಂಶವನ್ನು ಅವಮಾನವೆಂದು ಭಾವಿಸಲಿಲ್ಲ, ವಿಜ್ಞಾನಿಗಳು ಅದನ್ನು ವಿಜಯವೆಂದು ಮೆರೆಸಲಿಲ್ಲ. ತಮಗೆ ಪ್ರಿಯವಾದ ನಂಬಿಕೆಯನ್ನು ಅಳತೆಗೆ ಒಡ್ಡುವ ಧೈರ್ಯ, ಅನುಕೂಲವಲ್ಲದ ಫಲಿತಾಂಶವನ್ನೂ ಪ್ರಕಟಿಸುವ ಪ್ರಾಮಾಣಿಕತೆ ಎರಡೂ ಇಲ್ಲಿ ಜೊತೆಯಾದವು.

ಕುಂಚದ ಸಾಕ್ಷ್ಯ

ಈ ಮಾತುಕತೆಯಲ್ಲಿ ಕಲೆಗೆ ಹಳೆಯ ಪಾತ್ರವಿದೆ. 17ನೆಯ ಶತಮಾನದ ಕೊನೆಯಲ್ಲಿ ಟಿಬೆಟ್‌ನ ಆಡಳಿತ ನಡೆಸುತ್ತಿದ್ದ ದೇಸಿ ಸಾಂಗ್ಯೆ ಗ್ಯಾತ್ಸೊ, ವೈದ್ಯವಿದ್ಯೆ ಕಲಿಸಲು 79 ಥಾಂಕಾ ಚಿತ್ರಗಳ ಸರಣಿಯನ್ನು ಬರೆಸಿದ. ದೇವತೆಗಳನ್ನು ಬರೆಯುತ್ತಿದ್ದ ಕುಂಚಗಳು ಮೂಳೆ, ಒಳಾಂಗ, ಔಷಧಿ ಸಸ್ಯ, ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಬರೆದವು. ಶರೀರರಚನೆಯ ಚಿತ್ರಗಳಿಗಾಗಿ ಲೋದ್ರಾಕ್ ತೆಂಜಿನ್ ನೋರ್ಬು ಎಂಬ ಕಲಾವಿದ ಶವಗಳನ್ನೇ ನೋಡಿ ರೇಖೆ ಎಳೆದ. ಗ್ರಂಥದಲ್ಲಿ ಬರೆದದ್ದು ಮತ್ತು ಕಣ್ಣಿಗೆ ಕಂಡದ್ದು ಬೇರೆಯಾದಾಗ ಏನು ಮಾಡಬೇಕೆಂಬ ಚರ್ಚೆ ಟಿಬೆಟನ್ ವೈದ್ಯರ ನಡುವೆ ಹೀಗೆ ಹೊರಗಿನವರ ಒತ್ತಾಯವಿಲ್ಲದೆಯೇ ಬೆಳೆಯಿತು.

ನಮ್ಮ ಕಾಲದಲ್ಲಿ ವಿಜ್ಞಾನ ಕಲಿತ ಭಿಕ್ಷುಗಳು ಸ್ಯಾನ್‌ಫ್ರಾನ್ಸಿಸ್ಕೊದ ಎಕ್ಸ್‌ಪ್ಲೊರೇಟೋರಿಯಮ್ ವಿಜ್ಞಾನ ಸಂಗ್ರಹಾಲಯದ ನೆರವಿನಿಂದ ಪಂಚೇಂದ್ರಿಯಗಳ ಕುರಿತು ಪ್ರದರ್ಶನವೊಂದನ್ನು ಸಿದ್ಧಪಡಿಸಿದರು. ಕಣ್ಣು ಕಾಣುವುದು ಹೇಗೆ, ಕಿವಿ ಕೇಳುವುದು ಹೇಗೆ ಎಂಬುದಕ್ಕೆ ಬೌದ್ಧ ಶಾಸ್ತ್ರದ ವಿವರಣೆಯನ್ನೂ ವಿಜ್ಞಾನದ ವಿವರಣೆಯನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಪಕ್ಕಪಕ್ಕದಲ್ಲಿ ಚಿತ್ರವಾಗಿ ಕಂಡಾಗ ಸಾಮ್ಯವೂ ವ್ಯತ್ಯಾಸವೂ ತಾವಾಗಿ ಎದ್ದು ಕಾಣುತ್ತವೆ. ನೂರು ಮಾತಿನ ಉಪದೇಶಕ್ಕೆ ಸಿಗದ ನೋಡುಗರು ಇಂಥ ಕಡೆ ಸಿಗುತ್ತಾರೆ.

ಒಪ್ಪಿಗೆಯಾಗದೆ ಉಳಿದ ವಿಷಯಗಳೂ ಇವೆ. ಜೀವವಿಕಾಸದಲ್ಲಿ ವಂಶವಾಹಿಯ ಬದಲಾವಣೆಗಳು ಯಾದೃಚ್ಛಿಕ ಎನ್ನುವುದನ್ನು ಕರ್ಮಸಿದ್ಧಾಂತ ನಂಬಿದವರು ಒಪ್ಪುವುದು ಕಷ್ಟ. ಪ್ರಜ್ಞೆ ಮಿದುಳಿನ ಫಲವೆಂದು ನರವಿಜ್ಞಾನಿಗಳು ಬಹುಮಟ್ಟಿಗೆ ಹೇಳಿದರೆ, ಪುನರ್ಜನ್ಮ ನಂಬುವ ಭಿಕ್ಷುಗಳು ತಲೆಯಾಡಿಸುವುದಿಲ್ಲ. ಎರಡೂ ಕಡೆಯವರು ಭಿನ್ನಾಭಿಪ್ರಾಯವನ್ನು ಹಾಗೆಯೇ ದಾಖಲಿಸಿ ಮುಂದಿನ ಪ್ರಶ್ನೆಗೆ ಹೋಗಿದ್ದಾರೆ. ವಿಜ್ಞಾನವೂ ಧರ್ಮವೂ ಒಂದನ್ನೇ ಹೇಳುತ್ತವೆ ಎಂಬ ಸಿಹಿಮಾತಿಗಿಂತ ಇದು ಎಷ್ಟೋ ಮೇಲು.

ನಮ್ಮ ಅಂಗಳಗಳಲ್ಲಿ

ಕನ್ನಡನಾಡಿಗೆ ಇಂಥ ಮಾತುಕತೆ ಹೊಸದಲ್ಲ. ಭೌತವಿಜ್ಞಾನಿ, ಗಾಂಧಿವಾದಿ ಎಚ್. ನರಸಿಂಹಯ್ಯ 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಮ್ ಆರಂಭಿಸಿ, ಸಂಶೋಧಕರ ಉಪನ್ಯಾಸಗಳಿಗೆ ಎಲ್ಲರಿಗೂ ಬಾಗಿಲು ತೆರೆದರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ಪರೀಕ್ಷೆಗೆ ಸಮಿತಿ ನೇಮಿಸಿದವರೂ ಅವರೇ. ಪ್ರಾಚೀನ ವಿಮಾನಶಾಸ್ತ್ರವೆಂದು ಪ್ರಚಾರವಾಗಿದ್ದ ವೈಮಾನಿಕ ಶಾಸ್ತ್ರವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಐವರು 1974ರಲ್ಲಿ ಪರಿಶೀಲಿಸಿದರು. ಅವರು ಗೇಲಿ ಮಾಡಲು ಹೋಗಲಿಲ್ಲ. ಪಠ್ಯವನ್ನು ಓದಿ, ಅದರ ಭಾಷೆ ಮತ್ತು ಹಿನ್ನೆಲೆಯನ್ನು ಶೋಧಿಸಿ, ಚಿತ್ರಗಳಿಗೆ ಲೆಕ್ಕ ಹಾಕಿದರು. ಅದು 20ನೆಯ ಶತಮಾನದ ಆರಂಭದ ರಚನೆ, ಅದರಲ್ಲಿರುವ ವಿಮಾನಗಳು ಹಾರಲಾರವು ಎಂದು ತೀರ್ಮಾನಿಸಿದರು. ಗೌರವದಿಂದ ಓದಿ ನಿರ್ದಾಕ್ಷಿಣ್ಯವಾಗಿ ಪರೀಕ್ಷಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

ಅಷ್ಟಾದರೂ ಕೆಲಸ ಎಷ್ಟು ಬಾಕಿ ಇದೆ ಎಂಬುದನ್ನು 2019ರ ಡಿಸೆಂಬರ್ 26 ತೋರಿಸಿತು. ಅಂದು ಮಂಗಳೂರು ಮತ್ತು ಕೊಡಗಿನಲ್ಲಿ ಜನ ಕಂಕಣ ಸೂರ್ಯಗ್ರಹಣವನ್ನು ಕಣ್ತುಂಬಿಕೊಂಡರು. ಅದೇ ಬೆಳಿಗ್ಗೆ ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ವಾಸಿಯಾದೀತೆಂಬ ಆಸೆಯಿಂದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದರು. ಆ ತಂದೆತಾಯಂದಿರನ್ನು ಮೂಢರೆಂದು ಬೈದು ಕೈತೊಳೆದುಕೊಳ್ಳುವುದು ಸುಲಭ. ಅವರು ನಂಬುವ ಒಬ್ಬ ಗುರು, ಅವರದೇ ಮಾತಿನಲ್ಲಿ, ಗ್ರಹಣವೆಂದರೆ ನೆರಳು ಎಂದು ಮುಂಚಿತವಾಗಿ ಹೇಳಿದ್ದರೆ ಆ ಮಕ್ಕಳಿಗೆ ಆ ಹಿಂಸೆ ತಪ್ಪುತ್ತಿತ್ತು.

ವೈಜ್ಞಾನಿಕ ಮನೋಭಾವ ಬೆಳೆಸುವುದು ನಾಗರಿಕರ ಕರ್ತವ್ಯವೆಂದು ಸಂವಿಧಾನದ 51ಎ(ಎಚ್) ವಿಧಿ ಹೇಳುತ್ತದೆ. ಅದನ್ನು ಪಾಲಿಸಲು ಕರ್ನಾಟಕಕ್ಕಿರುವಷ್ಟು ಅನುಕೂಲ ಬೇರೆಡೆ ಕಡಿಮೆ. ಸಿದ್ಧಗಂಗೆ, ಸುತ್ತೂರು, ಆದಿಚುಂಚನಗಿರಿಯಂಥ ಮಠಗಳು ಸಂಸ್ಕೃತ ಪಾಠಶಾಲೆಗಳನ್ನೂ ನಡೆಸುತ್ತವೆ, ಎಂಜಿನಿಯರಿಂಗ್ ಕಾಲೇಜುಗಳನ್ನೂ ನಡೆಸುತ್ತವೆ. ಪಾಠಶಾಲೆಯ ವಟುಗಳು ಕಾಲೇಜಿನ ಪ್ರಯೋಗಾಲಯಕ್ಕೆ ಹೋಗಿ ಪ್ರಶ್ನೆ ಕೇಳಲಿ. ಕಾಲೇಜಿನ ವಿದ್ಯಾರ್ಥಿಗಳು ಬಂದು ತರ್ಕಶಾಸ್ತ್ರದ ಪಾಠಕ್ಕೆ ಕುಳಿತುಕೊಳ್ಳಲಿ. ಜಾತ್ರೆಯ ಮೈದಾನದಲ್ಲಿ ಒಂದು ದೂರದರ್ಶಕ ಇರಲಿ. ಯಕ್ಷಗಾನ ಮತ್ತು ರಂಗಭೂಮಿಯವರು ವಿಜ್ಞಾನದ ಪ್ರಸಂಗಗಳನ್ನು ಕೈಗೆತ್ತಿಕೊಳ್ಳಲಿ. ಬೆಂಗಳೂರಿನ ಪ್ರಯೋಗಾಲಯಗಳಲ್ಲಿರುವ ಕನ್ನಡಿಗ ವಿಜ್ಞಾನಿಗಳು ವರ್ಷಕ್ಕೊಮ್ಮೆಯಾದರೂ ಊರಿನ ಮಠಕ್ಕೆ, ಮಸೀದಿಗೆ, ಚರ್ಚಿಗೆ, ಬಸದಿಗೆ ಹೋಗಿ ಕನ್ನಡದಲ್ಲಿ ಮಾತನಾಡಲಿ, ಅದಕ್ಕಿಂತ ಮುಖ್ಯವಾಗಿ ಪ್ರಶ್ನೆಗಳಿಗೆ ಕಿವಿಗೊಡಲಿ. ಆರು ಶತಮಾನದ ಪಠ್ಯವನ್ನು ತೆರೆಯುವ ಧೈರ್ಯವನ್ನು ನಿರಾಶ್ರಿತರಾಗಿ ಬಂದವರೇ ನಮ್ಮ ನೆಲದಲ್ಲಿ ತೋರಿಸಿದ್ದಾರೆ. ಈ ನೆಲದವರಾದ ನಮಗೆ ಅದು ಅಸಾಧ್ಯವೆನ್ನಲು ಯಾವ ನೆಪವೂ ಉಳಿದಿಲ್ಲ.